ಹೆಸರು ಕೇಳಿ ಬರೆದುಕೋ: ಅಳಿಯನಿಗೆ ಮಾವನ ಪತ್ರ

ಉಡುಪಿ,
ಆಟಿ ತಿಂಗಳು

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ಡಾಕ್ಯುಮೆಂಟರಿ ಛಾಯಾಗ್ರಹಣವನ್ನು ಮೊದಲಿನಿಂದ ಕಲಿಯಬೇಕೆಂದು ನೀನು ಬರೆದದ್ದನ್ನು ಓದಿ ನನಗೆ ಬಹಳ ಸಂತೋಷವಾಯಿತು. ಮುಂದೆ ಯಾವ ಲೆನ್ಸ್ ಕೊಳ್ಳಲಿ ಎಂದು ಕೇಳಿದ್ದೀಯ. ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡ. ಕ್ಯಾಮೆರಾದ ಜತೆಗೆ ಬಂದ ಲೆನ್ಸನ್ನು 24ರಿಂದ 35 ಮಿಲಿಮೀಟರಿನ ಒಳಗೆ ಇಟ್ಟುಕೊಂಡು ಕೆಲಸ ಆರಂಭಿಸು. ಆ ಅಳತೆಯಲ್ಲಿ ಒಬ್ಬ ಮನುಷ್ಯನೂ ಅವನ ಕೈಕೆಲಸವೂ ಸುತ್ತಲಿನ ಜಾಗವೂ ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣಬೇಕಾದರೆ ನೀನು ಮಾತನಾಡಿಸುವಷ್ಟು ಹತ್ತಿರಕ್ಕೆ ಹೋಗಲೇಬೇಕಾಗುತ್ತದೆ. ದೂರದಲ್ಲಿ ನಿಂತು, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿನಲ್ಲಿ ಕದ್ದು ತೆಗೆಯುವ ರೂಢಿ ಮೊದಲೇ ಬಂದುಬಿಟ್ಟರೆ, ಜನರನ್ನು ಮಾತನಾಡಿಸುವ ಧೈರ್ಯ ಮತ್ತೆ ಬರುವುದು ಕಷ್ಟ.

ವಿಷಯವನ್ನು ಹುಡುಕಿಕೊಂಡು ದೂರ ಹೋಗುವ ಅಗತ್ಯವೂ ಇಲ್ಲ. ನೀನಿರುವುದು ಮಂಗಳೂರಿನಲ್ಲಿ, ಅಲ್ಲಿನ ಮೀನುಗಾರಿಕಾ ಬಂದರಾದ ದಕ್ಕೆಗೆ ಹೋಗು. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಮೀನುಗಾರಿಕೆ ನಿಷೇಧವಿರುವುದರಿಂದ ಬೋಟುಗಳೆಲ್ಲ ಈಗ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಕ್ಯಾಮೆರಾ ಹಿಡಿದವರು ಸಾಮಾನ್ಯವಾಗಿ ಬಂದರಿಗೆ ಬರುವುದು ಅದಾದ ಮೇಲೆ, ಬಂಗುಡೆ, ಬೂತಾಯಿಗಳ ರಾಶಿ ಬಿದ್ದು ಏಲಂ ಕೂಗುವ ದಿನಗಳಲ್ಲಿ. ಆ ಗದ್ದಲದಲ್ಲಿ ಕಣ್ಣಿಗೆ ಹಬ್ಬವಾಗುವಂಥ ಚಿತ್ರಗಳು ಸಿಗುತ್ತವೆ ಎಂಬುದು ನಿಜವಾದರೂ ಅಲ್ಲಿ ನಿನ್ನ ಪ್ರಶ್ನೆಗೆ ಉತ್ತರ ಹೇಳುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಈಗಾದರೆ ಬಲೆ ದುರಸ್ತಿ, ಎಂಜಿನ್ ಕೆಲಸ, ಬೋಟಿಗೆ ಬಣ್ಣ ಬಳಿಯುವುದು ಎಲ್ಲವೂ ನಡೆದಿರುತ್ತದೆ, ಮಾತಿಗೂ ಸಮಯವಿರುತ್ತದೆ.

ಬಲೆ ಸರಿಪಡಿಸುವ ಒಬ್ಬರ ಪಕ್ಕದಲ್ಲಿ, ಕ್ಯಾಮೆರಾವನ್ನು ಚೀಲದಲ್ಲೇ ಇಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ನೋಡು. ಹರಿದ ಜಾಗವನ್ನು ಅವರು ಮೊದಲು ಇನ್ನಷ್ಟು ಕತ್ತರಿಸುತ್ತಾರೆ. ಗಟ್ಟಿಯಾಗಿರುವ ಕಣ್ಣುಗಳ ಅಂಚು ಸಿಕ್ಕಿದ ಮೇಲೆ, ಬಲೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದುಕೊಂಡು, ನೂಲು ಸುತ್ತಿದ ಸೂಜಿಯಿಂದ ಒಂದೊಂದೇ ಕಣ್ಣನ್ನು ಕಟ್ಟುತ್ತ ಬರುತ್ತಾರೆ. ಹಳೆಯ ಮಾಸಿದ ಬಲೆಯ ನಡುವೆ ಹೊಸ ನೂಲಿನ ತೇಪೆ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಇಷ್ಟನ್ನು ನೋಡಿ ಅರ್ಥ ಮಾಡಿಕೊಂಡ ಮೇಲೆ ಏನೇನು ತೆಗೆಯಬೇಕೆಂಬುದು ನಿನಗೇ ಹೊಳೆಯುತ್ತದೆ: ಬಲೆ ಹರಡಿಕೊಂಡಿರುವ ಇಡೀ ಜಾಗ, ಕೆಲಸದಲ್ಲಿ ಮುಳುಗಿದ ಮನುಷ್ಯ, ಕಾಲ್ಬೆರಳು ಮತ್ತು ಕೈ, ಆ ತೇಪೆ. ಬಂದ ಕೂಡಲೇ ಮುಖವನ್ನಷ್ಟೇ ತೆಗೆದು ಹೊರಟವನಿಗೆ ಈ ಕೊನೆಯ ಚಿತ್ರ ಸಿಗುವುದಿಲ್ಲ. ಬಲೆಯ ಕಥೆಯನ್ನು ಹೇಳುವುದು ಮುಖ್ಯವಾಗಿ ಅದೇ.

ಬೆಳಕಿನ ಬಗ್ಗೆ ಎರಡು ಮಾತು. ಟಾರ್ಪಾಲಿನ ಕೆಳಗೆ ಕುಳಿತವರ ಹಿಂದೆ ಮಳೆಗಾಲದ ಬಿಳಿ ಆಕಾಶವಿದ್ದರೆ ಕ್ಯಾಮೆರಾದ ಮೀಟರ್ ಆಕಾಶವನ್ನು ನೋಡಿ ಮೋಸಹೋಗಿ ಮುಖವನ್ನು ಕಪ್ಪಾಗಿಸುತ್ತದೆ. ಆಗ ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟಾಗುವಂತೆ, ಹೆಚ್ಚಿಸು, ಅಥವಾ ಆಕಾಶ ಚಿತ್ರದಿಂದ ಹೊರಗುಳಿಯುವಂತೆ ನೀನೇ ಜಾಗ ಬದಲಿಸು. ಎರಡನೆಯದೇ ಹೆಚ್ಚು ಒಳ್ಳೆಯದು. ಟಾರ್ಪಾಲು ನೀಲಿಯಾಗಿದ್ದರೆ ಮುಖಗಳಿಗೂ ನೀಲಿ ಛಾಯೆ ಬರುವುದರಿಂದ ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಹಾಗೆಯೇ ಉಳಿಸುವ ರಾ ಫೈಲಿನಲ್ಲಿ ತೆಗೆದಿಟ್ಟುಕೊಂಡರೆ ಬಣ್ಣವನ್ನು ಆಮೇಲೆ ಸರಿಪಡಿಸಬಹುದು. ಕೈಗಳ ಚಲನೆ ನಿಲ್ಲಬೇಕಾದರೆ ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನವಾಗದಂತೆ ನೋಡಿಕೋ. ಅದಕ್ಕಾಗಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 1600ಕ್ಕೆ ಏರಿದರೂ ಹೆದರಬೇಡ.

ಇನ್ನು ನಾನು ಈ ಪತ್ರವನ್ನು ಬರೆಯಲು ಮುಖ್ಯ ಕಾರಣವಾದ ಮಾತಿಗೆ ಬರುತ್ತೇನೆ. ಯಾರ ಚಿತ್ರ ತೆಗೆಯುತ್ತೀಯೋ ಅವರ ಹೆಸರನ್ನು ಕೇಳಿ, ಅಲ್ಲಿಯೇ, ಅದೇ ದಿನ ಬರೆದುಕೋ. ಯಾರು, ಎಲ್ಲಿ, ಯಾವ ದಿನ, ಏನು ಮಾಡುತ್ತಿದ್ದರು ಎಂಬ ನಾಲ್ಕು ಸಂಗತಿಗಳಿಲ್ಲದಿದ್ದರೆ ಎಷ್ಟೇ ಚೆಂದದ ಚಿತ್ರವೂ ದಾಖಲೆಯಾಗಿ ನಿಲ್ಲುವುದಿಲ್ಲ. ಅಮೆರಿಕದ ಲೂಯಿಸ್ ಹೈನ್ ಮೂಲತಃ ಶಾಲಾ ಮೇಷ್ಟ್ರು. 1908ರಿಂದ ಅಲ್ಲಿನ ಬಾಲಕಾರ್ಮಿಕ ವಿರೋಧಿ ಸಮಿತಿಗಾಗಿ ಗಿರಣಿ, ಗಣಿಗಳಲ್ಲಿ ದುಡಿಯುವ ಮಕ್ಕಳ ಚಿತ್ರಗಳನ್ನು ತೆಗೆಯುವಾಗ ಅವರು ಮಗುವಿನ ವಯಸ್ಸು, ಕೆಲಸದ ಅವಧಿ, ಕೂಲಿ ಎಲ್ಲವನ್ನೂ ಗುಟ್ಟಾಗಿ ಬರೆದುಕೊಳ್ಳುತ್ತಿದ್ದರು. ಮಕ್ಕಳ ಎತ್ತರವನ್ನು ತಮ್ಮ ಅಂಗಿಯ ಗುಂಡಿಗಳ ಲೆಕ್ಕದಲ್ಲಿ ಅಳೆಯುತ್ತಿದ್ದರು. ಗಿರಣಿಯ ಮಾಲೀಕರು ಸುಲಭವಾಗಿ ಅಲ್ಲಗಳೆಯಲಾಗದಷ್ಟು ಬಲ ಆ ಚಿತ್ರಗಳಿಗೆ ಬಂದದ್ದು ಈ ಟಿಪ್ಪಣಿಗಳಿಂದ.

ಇದಕ್ಕೆ ವಿರುದ್ಧವಾದದ್ದೂ ನಡೆದಿದೆ. 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋ ಎಂಬಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ, ಅಮೆರಿಕ ಸರ್ಕಾರದ ಛಾಯಾಗ್ರಹಣ ಯೋಜನೆಗಾಗಿ ಡೊರೊಥಿಯಾ ಲ್ಯಾಂಗ್ ತೆಗೆದ ತಾಯಿ ಮಕ್ಕಳ ಚಿತ್ರವನ್ನು ನೀನು ನೋಡಿಯೇ ಇರುತ್ತೀಯ. ಅಷ್ಟು ದೊಡ್ಡ ಕಲಾವಿದೆ ಆ ತಾಯಿಯ ಹೆಸರನ್ನು ಕೇಳಿರಲಿಲ್ಲ. ಆಕೆಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಊಟಕ್ಕಾಗಿ ಅವರು ಕಾರಿನ ಟೈರುಗಳನ್ನು ಮಾರಿದ್ದರೆಂದು ಲ್ಯಾಂಗ್ ಬರೆದಿದ್ದ ಮಾತನ್ನು ಆ ಕುಟುಂಬದವರು ಮುಂದೆ ಒಪ್ಪಲಿಲ್ಲ. ತನ್ನ ಮುಖ ಜಗತ್ತಿನ ಬಡತನದ ಗುರುತಾಗಿ ಎಲ್ಲೆಲ್ಲೂ ಅಚ್ಚಾಗುತ್ತಿರುವಾಗ ತಾನು ಯಾರೆಂದು ಯಾರಿಗೂ ಗೊತ್ತಿಲ್ಲದೆ ಆ ತಾಯಿ ನಾಲ್ಕು ದಶಕಗಳನ್ನು ಕಳೆದರು. ಈ ಸಂಗತಿ ನನ್ನನ್ನು ಇಂದಿಗೂ ನೋಯಿಸುತ್ತದೆ.

ಹೀಗಾಗಿ ದಕ್ಕೆಯಲ್ಲಿ ಮೊದಲ ಮಾತಾಗಿ ತುಳುವಿನಲ್ಲಿ "ಈರೆನ ಪುದರ್ ದಾದ?" (ನಿಮ್ಮ ಹೆಸರೇನು?) ಎಂದು ಕೇಳು. ಬ್ಯಾರಿ, ಕೊಂಕಣಿ ಆಡುವವರೂ ಹೊರ ರಾಜ್ಯಗಳಿಂದ ಬಂದ ಕಾರ್ಮಿಕರೂ ಅಲ್ಲಿರುವುದರಿಂದ ಬೇರೆ ಭಾಷೆಯಲ್ಲಿ ಕೇಳಬೇಕಾಗಿಯೂ ಬರಬಹುದು. ಚಿತ್ರ ಯಾತಕ್ಕೆಂದು ಸರಿಯಾಗಿ ಹೇಳು. ಮೀನು ಮಾರುವ ಹೆಂಗಸರಲ್ಲಿ ಯಾರಾದರೂ ಬೇಡವೆಂದರೆ ಕಾರಣ ಕೇಳದೆ ಕ್ಯಾಮೆರಾ ಕೆಳಗಿಳಿಸು. ಕೊಡುತ್ತೇನೆಂದು ಹೇಳಿದ ಪ್ರಿಂಟನ್ನು ಮುಂದಿನ ಸಲ ತಪ್ಪದೆ ತೆಗೆದುಕೊಂಡು ಹೋಗು. ಎರಡನೆಯ ಭೇಟಿಯಲ್ಲಿ ನಿನಗೆ ಕುಳಿತುಕೊಳ್ಳಲು ಜಾಗ ಸಿಗುವುದು ಅದರಿಂದಲೇ.

ದೀಪಾವಳಿ ಕಳೆದ ಮೇಲೆ ದೈವಗಳ ಕೋಲ, ನೇಮಗಳ ಚಿತ್ರ ತೆಗೆಯುವ ಆಸೆಯನ್ನೂ ಬರೆದಿದ್ದೀಯ. ಈ ವರ್ಷ ಬೇಡ ಎಂದು ನನ್ನ ಅಭಿಪ್ರಾಯ. ದೈವ ಕಟ್ಟಿದವರ ಬೆನ್ನಿಗೆ ಕಟ್ಟುವ ಅಣಿ, ಸೊಂಟಕ್ಕೆ ಸುತ್ತುವ ತೆಂಗಿನ ಗರಿಯ ಸಿರಿ, ಸೂಟೆಯ (ಗರಿಯ ಪಂಜಿನ) ಬೆಂಕಿ ಇವೆಲ್ಲ ತಾವಾಗಿಯೇ ಎಷ್ಟು ಸುಂದರವೆಂದರೆ, ಕಲಿಯುವವನಿಗೆ ತನ್ನ ಚಿತ್ರ ಚೆನ್ನಾಗಿದೆಯೋ ವಸ್ತು ಚೆನ್ನಾಗಿದೆಯೋ ತಿಳಿಯುವುದಿಲ್ಲ. ಅದು ಆರಾಧನೆಯೂ ಹೌದು. ಮನೆತನದವರ ಮತ್ತು ದೈವದ ಚಾಕರಿಯವರ ಒಪ್ಪಿಗೆಯಿಲ್ಲದೆ ಅಲ್ಲಿ ಕ್ಯಾಮೆರಾ ಎತ್ತಬಾರದು, ಮುಖದ ಮೇಲೆ ಫ್ಲಾಶ್ ಹಾಯಿಸಲೇಬಾರದು. ಇದರ ಬದಲು ನಮ್ಮ ನಾಡಿನ ಪತ್ರಿಕಾ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರ (1923–2009) ಚಿತ್ರಗಳನ್ನು ಹುಡುಕಿ ನೋಡು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸವನ್ನು ದಾಖಲಿಸಿದ ಅವರು ಸಾಮಾನ್ಯ ಜನರ ಸಾಮಾನ್ಯ ದಿನಗಳನ್ನು ಎಷ್ಟು ಅಕ್ಕರೆಯಿಂದ ಕಂಡಿದ್ದಾರೆಂಬುದು ನಿನಗೆ ತಿಳಿಯುತ್ತದೆ.

ಕಂಪ್ಯೂಟರಿನಲ್ಲಿ ಬೆಳಕು, ಬಣ್ಣ ತಿದ್ದಬಹುದು, ಅಂಚು ಕತ್ತರಿಸಬಹುದು. ಚಿತ್ರದೊಳಗಿನ ಒಂದು ವಸ್ತುವನ್ನಾದರೂ ಅಳಿಸುವುದು, ಸೇರಿಸುವುದು ಕೂಡದು. ಲ್ಯಾಂಗ್ ಆ ತಾಯಿ ಮಕ್ಕಳ ಚಿತ್ರದ ಮೂಲೆಯಲ್ಲಿ ಕಾಣುತ್ತಿದ್ದ ಒಂದು ಹೆಬ್ಬೆರಳನ್ನು ನೆಗೆಟಿವ್‌ನಲ್ಲಿ ಮರೆಮಾಡಿಸಿದ್ದಕ್ಕೆ ಆ ಯೋಜನೆಯ ಮುಖ್ಯಸ್ಥ ರಾಯ್ ಸ್ಟ್ರೈಕರ್ ಆಗಲೇ ಅಸಮಾಧಾನಗೊಂಡಿದ್ದರು. ಕ್ಯಾಮೆರಾದ ವಿಷಯದಲ್ಲಿ ಹೇಳುವುದಿಷ್ಟೆ: ದಕ್ಕೆಯಿಂದ ಬಂದ ಕೂಡಲೇ ಉಪ್ಪಿನ ಪಸೆಯನ್ನು ಒರೆಸು, ಲೆನ್ಸಿಗೆ ಬೂಸ್ಟು ಹಿಡಿಯದಂತೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡು, ಫೈಲುಗಳನ್ನು ಎರಡು ಡಿಸ್ಕಿನಲ್ಲಿ ಉಳಿಸು.

ಚೌತಿಗೆ ಮನೆಗೆ ಬರುವಾಗ ನೀನೇ ಆರಿಸಿದ ಹನ್ನೆರಡು ಚಿತ್ರಗಳನ್ನು ಪೋಸ್ಟ್‌ಕಾರ್ಡ್ ಗಾತ್ರದಲ್ಲಿ ಪ್ರಿಂಟ್ ಹಾಕಿಸಿ ತೆಗೆದುಕೊಂಡು ಬಾ. ಯಾವುದರ ನಂತರ ಯಾವುದು ಬರಬೇಕು, ಯಾವುದನ್ನು ಕೈಬಿಡಬೇಕು ಎಂಬುದನ್ನು ಚಾವಡಿಯಲ್ಲಿ ಹರಡಿಟ್ಟುಕೊಂಡು ನಿಧಾನವಾಗಿ ನೋಡೋಣ. ಟಿಪ್ಪಣಿ ಪುಸ್ತಕವೂ ಜತೆಗಿರಲಿ. ಅಡಿಬರಹಗಳನ್ನು ಅಂದೇ ಬರೆದು ಮುಗಿಸಬಹುದು. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ಇತಿ,
ನಿನ್ನ ಮಾವ