ಕುಟ್ಟಾಣಿಯಿಂದ ಶುರು ಮಾಡು

ಪ್ರೀತಿಯ ತಮ್ಮ,

ನೀನು ಕಳಿಸಿದ ಎರಡೂ ಬರಹ ಓದಿದೆ. ಗಡಿಯಾರ ಮುಂದಿಟ್ಟುಕೊಂಡು, ಗಟ್ಟಿಯಾಗಿ ಓದಿದೆ. ಅಜ್ಜಿಯ ಬಗ್ಗೆ ಬರೆದದ್ದಕ್ಕೆ 25 ನಿಮಿಷ ಹಿಡಿಯಿತು. ಚರ್ಚಿನಲ್ಲಿ ಹೇಳಲು ಬರೆದ ಪ್ರಸಂಗಕ್ಕೆ 48.

ಅಜ್ಜಿಯ ಬರಹದ ಆರನೇ ಪುಟದಲ್ಲಿ ನಾನು ನಿಂತುಬಿಟ್ಟೆ. ಅಜ್ಜಿ ಎಲೆ ಅಡಿಕೆ ಕುಟ್ಟುತ್ತಿದ್ದ ಕುಟ್ಟಾಣಿಯಲ್ಲಿ ಈಗ ಅಮ್ಮ ಚಹಾಕ್ಕೆ ಶುಂಠಿ ಜಜ್ಜುತ್ತಾರೆ. ಎಷ್ಟು ತೊಳೆದರೂ ಚಹಾದಲ್ಲಿ ಅಡಿಕೆಯ ಒಗರು. ಅಪ್ಪ ಏನೂ ಅನ್ನದೆ ಕುಡಿಯುತ್ತಾರೆ. ಅದನ್ನು ಓದಿ ಕಣ್ಣು ತುಂಬಿತು ನನಗೆ. ಆದರೆ ಅಲ್ಲಿಗೆ ಬರಲು ಐದು ಪುಟ ದಾಟಬೇಕಾಯಿತು. 'ಬದುಕು ಎಂಬುದು ಒಂದು ಪಯಣ' ಅಂತ ಶುರು ಮಾಡಿದ್ದೀಯ, ಆಮೇಲೆ ಊರಿನ ವರ್ಣನೆ, ಆಮೇಲೆ ಮನೆತನದ ಕತೆ. ಎಲ್ಲರೂ ಆರನೇ ಪುಟದವರೆಗೆ ಬರುವುದಿಲ್ಲ. ಕುಟ್ಟಾಣಿಯಿಂದಲೇ ಶುರು ಮಾಡು. ಅದರ ಕೆಳಗೆ 'ನೆನಪಿಗೆ ಸಾವಿಲ್ಲ' ಅಂತ ಅರ್ಧ ಪುಟ ಇದೆಯಲ್ಲ, ಅದನ್ನು ಪೂರ್ತಿ ತೆಗೆ. ಅಪ್ಪ ಸುಮ್ನೆ ಚಹಾ ಕುಡಿದದ್ದರಲ್ಲೇ ಅದೆಲ್ಲ ಬಂದಾಯಿತು.

ಇನ್ನು ಪ್ರಸಂಗ. ನೀನು ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಸಾಮ್ಯವನ್ನೇ ಆರಿಸಿಕೊಂಡಿದ್ದೀಯ. ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ಯಾಜಕನೂ ದೇವಾಲಯದ ಸೇವೆಯ ಲೇವಿಯನೂ ನೋಡಿ ದಾಟಿಹೋಗುತ್ತಾರೆ, ಯೆಹೂದ್ಯರಿಗೆ ಆಗದ ಸಮಾರ್ಯದವನು ನಿಂತು ಆರೈಕೆ ಮಾಡುತ್ತಾನೆ, ಆ ಕತೆ. ನಾನು ಪಾದ್ರಿಯಾಗಿ ಹೋದ ಮೊದಲ ಸಭೆಯಲ್ಲಿ, ಧಾರವಾಡ ಸೀಮೆಯ ಒಂದು ಹಳ್ಳಿಯಲ್ಲಿ, ನಾನೂ ಅದರ ಮೇಲೆ ಮಾತಾಡಿದ್ದೆ. ಒಂದು ಗಂಟೆ ಮಾತಾಡಿದೆ. ಯಾಜಕರ ಪದ್ಧತಿ, ಲೇವಿಯರ ಕೆಲಸ, ಗ್ರೀಕ್ ಪದದ ಅರ್ಥ, ಓದಿದ್ದು ಒಂದನ್ನೂ ಬಿಡಲಿಲ್ಲ. ಆರಾಧನೆ ಮುಗಿದ ಮೇಲೆ ಒಬ್ಬ ಅಜ್ಜಿ ಬಾಗಿಲ ಹತ್ತಿರ ನಿಂತು ಹೇಳಿದರು: "ಅಯ್ಯನೋರ, ಹನ್ನೊಂದೂವರಿ ಬಸ್ ಹೋತ್ರಿ. ಇನ್ನ ನಾಕಕ್ಕ ಐತಿ." ಸಿಟ್ಟಿರಲಿಲ್ಲ ಅವರಿಗೆ. ಅದೇ ನನಗೆ ಜಾಸ್ತಿ ತಾಗಿತು. ಅವರನ್ನು ಮನೆಗೆ ಕರೆದೆ. ಊಟ ಮಾಡುವಾಗ, ಇವತ್ತಿನ ಮಾತಿನಲ್ಲಿ ಏನು ನೆನಪಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು. "ಗಾಯಕ್ಕ ಎಣ್ಣಿ ಹಾಕಿದ್ದು ನೋಡ್ರಿ" ಅಂದರು.

ಎಣ್ಣೆ ನನ್ನದಲ್ಲ, ಕತೆಯದು. ಆ ರಾತ್ರಿ ಬೈಬಲಿನಲ್ಲಿ ಲೂಕ 10ನೇ ಅಧ್ಯಾಯ ತೆಗೆದು ಮತ್ತೆ ಓದಿದೆ. ಇಡೀ ಕತೆ 30ರಿಂದ 35ರವರೆಗೆ, ಆರೇ ವಚನ. ಪೆಟ್ಟು ತಿಂದವನ ಹೆಸರಿಲ್ಲ, ಊರಿಲ್ಲ. ಯಾಜಕ ಯಾಕೆ ನಿಲ್ಲಲಿಲ್ಲ ಅನ್ನುವುದೂ ಇಲ್ಲ. ಆದರೆ ಎಣ್ಣೆ ಇದೆ, ದ್ರಾಕ್ಷಾರಸ ಇದೆ, ಛತ್ರದವನ ಕೈಗೆ ಕೊಟ್ಟ ನಾಣ್ಯ ಎರಡು ಅನ್ನುವ ಲೆಕ್ಕವೂ ಇದೆ. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಅಂತ ನಾನು ಕಲಿತದ್ದು ಅಲ್ಲಿಂದ. ಕತೆ ಮುಗಿದ ಮೇಲೆ ಯೇಸು ವಿವರಣೆ ಕೊಡುವುದಿಲ್ಲ. ಈ ಮೂವರಲ್ಲಿ ನೆರೆಯವನಾದವನು ಯಾರು ಅಂತ ಕೇಳುತ್ತಾನೆ. 'ನನ್ನ ನೆರೆಯವನು ಯಾರು' ಅಂತ ಮೊದಲು ಕೇಳಿದ್ದ ಧರ್ಮೋಪದೇಶಕನೇ ಉತ್ತರ ಹೇಳಬೇಕಾಗುತ್ತದೆ. ಅವನ ಬಾಯಲ್ಲಿ 'ಸಮಾರ್ಯದವನು' ಅನ್ನುವ ಪದ ಬರುವುದೇ ಇಲ್ಲ, 'ದಯೆ ತೋರಿಸಿದವನು' ಅನ್ನುತ್ತಾನೆ. ಇದನ್ನು ಗಮನಿಸಲು ನನಗೆ ಎಷ್ಟೋ ವರ್ಷ ಬೇಕಾಯಿತು.

ನಿನ್ನ ಪ್ರಸಂಗದಲ್ಲಿ ಯೆಹೂದ್ಯರ ಮತ್ತು ಸಮಾರ್ಯದವರ ಹಗೆಯ ಇತಿಹಾಸ ನಾಲ್ಕು ಪುಟ ಇದೆ. ಕಷ್ಟಪಟ್ಟು ಓದಿದ್ದೀಯ, ಗೊತ್ತಾಗುತ್ತದೆ. ಅದನ್ನು ನಿನ್ನ ಹತ್ತಿರವೇ ಇಟ್ಟುಕೋ. ಬಾವಿಯ ಹತ್ತಿರ ಯೇಸು ನೀರು ಕೇಳಿದ್ದಕ್ಕೇ ಸಮಾರ್ಯದ ಹೆಂಗಸು ಬೆರಗಾದಳು ಅಂತ ಒಂದು ಮಾತು ಹೇಳು, ಸಾಕು. ಯಾರ ಬಾವಿ, ಯಾರ ಕೊಡ ಅನ್ನುವುದನ್ನು ನಮ್ಮ ಊರುಗಳ ಜನಕ್ಕೆ ಬಿಡಿಸಿ ಹೇಳಬೇಕಾ?

2024ರ ಜೂನ್‌ನಲ್ಲಿ ಪೋಪ್ ಫ್ರಾನ್ಸಿಸ್ ತಮ್ಮ ಪಾದ್ರಿಗಳಿಗೆ ಎಂಟು ನಿಮಿಷ ದಾಟಬೇಡಿ, ಆಮೇಲೆ ಜನ ನಿದ್ದೆ ಹೋಗುತ್ತಾರೆ ಅಂದರು. ನಮ್ಮ ಸಭೆಗಳಲ್ಲಿ ಎಂಟು ಕಡಿಮೆಯಾಯಿತು ಅನ್ನುತ್ತಾರೆ. ನೀನು 15 ಇಟ್ಟುಕೋ. 'ಕೊನೆಯದಾಗಿ' ಅನ್ನುವ ಮಾತು ಮೂರು ಕಡೆ ಬಂದಿದೆ. ಮೊದಲ ಸಲ ಅಂದಾಗಲೇ ಜನ ಕೀರ್ತನೆ ಪುಸ್ತಕಕ್ಕೆ ಕೈ ಹಾಕುತ್ತಾರೆ. ಅಲ್ಲೇ ನಿಲ್ಲಿಸು.

ಉದ್ದ ಯಾಕೆ ಆಗುತ್ತದೆ ಗೊತ್ತಾ? ನನಗೆ ಆಗುತ್ತಿದ್ದದ್ದು ಹೆದರಿಕೆಯಿಂದ. ಕಡಿಮೆ ಹೇಳಿದರೆ ಓದಿಕೊಂಡಿಲ್ಲ ಅಂದುಕೊಳ್ಳುತ್ತಾರೇನೋ, ಹೇಳಿದ್ದು ಅರ್ಥವಾಗಲಿಲ್ಲವೇನೋ ಅಂತ. ನಿನ್ನ ಹಾಳೆಗಳಲ್ಲೂ ಆ ಹೆದರಿಕೆ ಕಾಣಿಸಿತು, ಅದಕ್ಕೇ ಇಷ್ಟು ಬರೆದೆ. ನಿನಗೆ ಕಣ್ಣಿದೆ ತಮ್ಮ. ಚಹಾದ ಒಗರು ಹಿಡಿದವನು ನೀನು.

ಈ ವಾರ ಪ್ರಸಂಗ ಕಡಿಮೆ ಮಾಡಿಕೊಂಡು ಶನಿವಾರ ಸಂಜೆ ಮನೆಗೆ ಬಾ. ಹಾಳೆ ಮನೆಯಲ್ಲೇ ಬಿಟ್ಟು ಬಾ. ನೋಡಿಕೊಳ್ಳದೆ ಹೇಳು, ನಾನು ಕೇಳುತ್ತೇನೆ. ಎಲ್ಲಿ ಮರೆತು ತಡವರಿಸುತ್ತೀಯೋ ಆ ಭಾಗ ಬೇಕಾ ಬೇಡವಾ ಅಂತ ಇಬ್ಬರೂ ಕೂತು ನೋಡೋಣ. ಅಜ್ಜಿಯ ಬರಹವನ್ನು ಮಾತ್ರ ಎರಡು ಪುಟಕ್ಕೆ ಇಳಿಸಿ ಮೊದಲು ಅಮ್ಮನಿಗೆ ಓದಿ ಹೇಳು. ಆಮೇಲೆ ನನಗೆ ಕೊಡು.

ಪ್ರೀತಿಯಿಂದ,
ನಿನ್ನ ಅಣ್ಣ