ಕಣ್ಣಿಗೆ ಕಾಣದ ಕಾಡಿಗೆ

ಕಲಬುರಗಿ

ಪ್ರೀತಿಯ ತಂಗಿ,

ಓದಿ ಹೇಳಿ ಅಂತ ನೀನು ಕಳಿಸಿದ ಕತೆ, ನಿನ್ನ ಅವ್ವ ಹಾಸ್ಟೆಲ್ಲಿಗೆ ಬಂದ ದಿನದ್ದು, ಎರಡು ಸಲ ಓದಿದೆ. ಮೊದಲ ಸಲ ಮಧ್ಯಾಹ್ನ, ಕರೆಂಟ್ ಹೋದ ಹೊತ್ತಲ್ಲಿ. ನಮ್ಮೂರ ಬಿಸಿಲಿನ ಬಗ್ಗೆ ನಿನಗೇನು ಹೇಳುವುದು. ಎರಡನೇ ಸಲ ರಾತ್ರಿ, ಮಾಳಿಗೆ ಮೇಲೆ ಕೂತು. ಎರಡೂ ಸಲ ಒಂದೇ ಜಾಗದಲ್ಲಿ ನಿಂತುಬಿಟ್ಟೆ.

ದಾಲ್ ಮಿಲ್ಲಿನ ಕೆಲಸ ಮುಗಿಸಿ ಅವ್ವ ಹಾಸ್ಟೆಲ್ ಬಾಗಿಲಿಗೆ ಬರುತ್ತಾಳೆ. ತಲೆಯಲ್ಲಿ ತೊಗರಿ ಹೊಟ್ಟು, ಕೈಯಲ್ಲಿ ರೊಟ್ಟಿ ಗಂಟು. ಅಲ್ಲಿವರೆಗೆ ಒಂದು ಅಕ್ಷರವೂ ಸುಳ್ಳಿಲ್ಲ. ಆಮೇಲೆ ಮಗಳು ಗೆಳತಿಯರ ಎದುರೇ ಓಡಿ ಹೋಗಿ ಅವಳನ್ನು ತಬ್ಬಿಕೊಳ್ಳುತ್ತಾಳೆ. ಅಲ್ಲಿ ನಿನ್ನ ಕನ್ನಡವೇ ಬದಲಾಗಿದೆ ನೋಡು. ಅಷ್ಟೊತ್ತು 'ಅವ್ವ' ಇದ್ದವಳು ಒಮ್ಮೆಲೇ 'ಮಾತೆ' ಆಗಿದ್ದಾಳೆ. 'ವಾತ್ಸಲ್ಯ' ಬಂದಿದೆ, 'ಕಣ್ಣೀರಧಾರೆ' ಬಂದಿದೆ. ನಾನು ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆದಿದ್ದೇನೆ: ಇದು ನಡೆದದ್ದಾ, ನಡೆಯಬೇಕಿತ್ತು ಅನಿಸಿದ್ದಾ?

ಬೇಜಾರು ಮಾಡ್ಕೋಬೇಡ. ಕತೆ ಅಂದ ಮೇಲೆ ಕಟ್ಟಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಟ್ಟಿದ್ದು ಕತೆಗೆ ಬೇಕಾಗಿ ಬಂತೋ, ನಿನ್ನ ಮಾನ ಉಳಿಸಲು ಬಂತೋ ಅನ್ನುವುದು ನಿನಗೆ ಗೊತ್ತಿರಬೇಕು. ಓದುವವರಿಗೆ ಗೊತ್ತಾಗದಿದ್ದರೂ ನಡೆಯುತ್ತದೆ.

ಶಾಲೆಯ ಅಕ್ಕೋರಿಗೆ ಇದು ಹೇಗೆ ತಿಳಿಯಿತು ಅಂತೀಯಾ? ನಾನೂ ಅದೇ ಕಳ್ಳತನ ಮಾಡಿದವಳು.

ಅಪ್ಪ ತೀರಿಕೊಂಡ ಮೇಲೆ ಹೊಲ ತಮ್ಮನ ಹೆಸರಿಗೆ ಮಾಡಲು ಅಕ್ಕ, ನಾನು ಇಬ್ಬರೂ ಹಕ್ಕು ಬಿಟ್ಟು ಸಹಿ ಹಾಕಿಕೊಟ್ಟೆವು. ಕೆಲವು ವರ್ಷ ಬಿಟ್ಟು ಅದನ್ನೇ ಕತೆ ಮಾಡಿದೆ. ನನ್ನ ಕತೆಯ ಹೆಣ್ಣು ನಗುನಗುತ್ತಾ ಸಹಿ ಮಾಡುತ್ತಾಳೆ. ತವರಿನ ದಾರಿ ತೆರೆದಿದ್ದರೆ ಸಾಕು ಅನ್ನುತ್ತಾಳೆ. ಕತೆ ಅಚ್ಚಾಯಿತು, ನಾಲ್ಕು ಮಂದಿ ಮೆಚ್ಚಿ ಪತ್ರ ಬರೆದರು. ಆ ಉಬ್ಬಿನಲ್ಲೇ ಅಕ್ಕನ ಮನೆಗೆ ಹೋಗಿ ಪೂರ್ತಿ ಓದಿ ಹೇಳಿದೆ. ಅವಳು ಮೊರ ಹಿಡಿದು ಬೇಳೆ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಓದಿ ಮುಗಿದ ಮೇಲೆ ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದು ಹೇಳಿದಳು: "ಇದರಾಗ ನೀ ಭಾಳ ಛೊಲೋ ಇದ್ದಿ ನೋಡು. ಸಹಿ ಮಾಡಾಗ ಪೆನ್ ಎಷ್ಟ್ ಒತ್ತಿದ್ದಿ ಅಂದ್ರ, ಕಾಗದನೇ ಹರದಿತ್ತು. ಅದೆಲ್ಲಿ ಹೋಯ್ತು?"

ಹೌದು, ಹರಿದಿತ್ತು. ಬೇರೆ ಕಾಗದ ಬರೆಸಿ ಮತ್ತೆ ಸಹಿ ಮಾಡಿದ್ದೆವು. ಅದಾದ ಮೇಲೆ ಎರಡು ವರ್ಷ ನಾನು ಪಂಚಮಿಗೆ ತವರಿಗೆ ಹೋಗಲಿಲ್ಲ. ಶಾಲೆಗೆ ರಜೆ ಸಿಗಲಿಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಇದೇನೂ ಮರೆತಿರಲಿಲ್ಲ ತಂಗಿ. ಮರೆತಿದ್ದರೆ ಆ ಮಾತು ಬೇರೆ. ಬರೆಯುವಾಗ ಕಣ್ಣೆದುರಿಗೇ ಇತ್ತು, ನೋಡದವಳ ಹಾಗೆ ದಾಟಿ ಹೋದೆ. ಅಕ್ಕನ ಮೇಲೆ ಸಿಟ್ಟೂ ಬಂತು. ಮನೆಗೆ ಬರುವವರೆಗೆ ಬಸ್ಸಿನಲ್ಲಿ, ಅವಳಿಗೆ ಸಾಹಿತ್ಯ ಏನು ಗೊತ್ತು ಅಂತ ಮನಸ್ಸಲ್ಲೇ ಜಗಳ ಆಡಿದೆ. ಆಮೇಲೆ ಕತೆ ಮತ್ತೆ ಬರೆದೆ. ಈ ಸಲ ಹರಿದ ಕಾಗದದಿಂದಲೇ ಶುರು.

ನೀನು ಸೇಡಂ ಬಸ್ಸಿನಲ್ಲಿ ಬರುವಾಗ ಮಳಖೇಡ ದಾಟುತ್ತೀಯಲ್ಲ, ಸಿಮೆಂಟ್ ಧೂಳಿಗೆ ಕಿಟಕಿ ಮುಚ್ಚಿಕೊಳ್ಳುವ ಜಾಗ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ. ನಮಗೆ ಸಿಕ್ಕಿರುವ ಕನ್ನಡ ಕೃತಿಗಳಲ್ಲಿ ಎಲ್ಲಕ್ಕಿಂತ ಹಳೆಯದಾದ 'ಕವಿರಾಜಮಾರ್ಗ' 9ನೇ ಶತಮಾನದಲ್ಲಿ ಹುಟ್ಟಿದ್ದು ಅಲ್ಲಿನ ಅರಸು ಅಮೋಘವರ್ಷನ ಕಾಲದಲ್ಲಿ, ಶ್ರೀವಿಜಯನ ಕೈಯಲ್ಲಿ. ಪರೀಕ್ಷೆಗೆ ಇಷ್ಟನ್ನು ಎಲ್ಲರೂ ಬಾಯಿಪಾಠ ಮಾಡುತ್ತೇವೆ. ಅದರೊಳಗೆ ಒಂದು ಪದ್ಯವಿದೆ, ಅದನ್ನು ಯಾರೂ ಕೇಳುವುದಿಲ್ಲ. ಕಣ್ಣಿಗೆ ಹಚ್ಚಿದ ಕಾಡಿಗೆ ಆ ಕಣ್ಣಿಗೇ ಕಾಣುವುದಿಲ್ಲ, ಹಾಗೆಯೇ ಬರೆದವನಿಗೆ ತನ್ನ ತಪ್ಪು ಕಾಣುವುದಿಲ್ಲ, ಅದಕ್ಕೆ ಬಲ್ಲವರಿಗೆ ತೋರಿಸಬೇಕು ಅನ್ನುವ ಪದ್ಯ. ನನ್ನ ಕಾಡಿಗೆ ಕಂಡದ್ದು ಮೊರ ಹಿಡಿದಿದ್ದ ಅಕ್ಕನಿಗೆ.

ಶಿಕ್ಷಕರ ತರಬೇತಿಯೊಂದರಲ್ಲಿ 'ಜೋಹರಿ ಕಿಟಕಿ' ಅಂತ ಹೇಳಿಕೊಟ್ಟರು. ನಮ್ಮ ಊರಲ್ಲಿ ಬೆಳೆದವಳು ನಾನು, ಮುತ್ತು ರತ್ನ ಪರೀಕ್ಷೆ ಮಾಡುವ ಉರ್ದುವಿನ ಜೌಹರಿ ಅಂದುಕೊಂಡೆ! ಆಮೇಲೆ ನೋಡಿದರೆ ಜೋಸೆಫ್ ಲುಫ್ಟ್, ಹ್ಯಾರಿಂಗ್ಟನ್ ಇಂಗಮ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು. 1955ರಲ್ಲಿ ತಮ್ಮ ಹೆಸರುಗಳನ್ನೇ ಕೂಡಿಸಿ ಇಟ್ಟದ್ದಂತೆ. ಕಿಟಕಿಗೆ ನಾಲ್ಕು ಖಾನೆ. ಎಲ್ಲರಿಗೂ ಗೊತ್ತಿರುವ ನೀನು, ನಿನಗಷ್ಟೇ ಗೊತ್ತಿರುವ ನೀನು, ಬೇರೆಯವರಿಗೆ ಗೊತ್ತಿದ್ದು ನಿನಗೇ ಗೊತ್ತಿಲ್ಲದ ನೀನು, ಯಾರಿಗೂ ಇನ್ನೂ ಗೊತ್ತಿಲ್ಲದ ನೀನು. ಕಾಡಿಗೆ ಇರುವುದು ಮೂರನೆಯದರಲ್ಲಿ. ಎಷ್ಟೇ ಕಣ್ಣು ಮುಚ್ಚಿ ಕೂತರೂ ಅದು ತೆರೆಯುವುದಿಲ್ಲ, ಹೊರಗಿನವರು ಬಂದು ತಟ್ಟಬೇಕು. ಹಾಗಾಗಿ ಸುಮ್ನೆ ಹೊಗಳುವ ಗೆಳತಿಯರ ಗುಂಪಿಗೇ ಕತೆ ಕಳಿಸಬೇಡ. ನಿನ್ನನ್ನು ಚಿಕ್ಕಂದಿನಿಂದ ನೋಡಿದ, ನಿನ್ನ ಮೇಲೆ ಪ್ರೀತಿಯಿರುವ, ಆದರೆ ನಿನ್ನ ಹಂಗಿಲ್ಲದ ಒಬ್ಬರನ್ನು ಹುಡುಕು. ಸಿಗುವುದು ಕಷ್ಟ. ಸಿಕ್ಕರೆ ಅವರ ಮೇಲೆ ಸಿಟ್ಟು ಬರುತ್ತದೆ, ಅದಕ್ಕೂ ತಯಾರಿರು.

ಒಬ್ಬಳೇ ಇರುವಾಗ ಮಾಡುವಂಥದ್ದೂ ಒಂದಿದೆ. ದಿನಾ ರಾತ್ರಿ ಐದಾರು ಸಾಲು ಬರೆ. 'ನಾನು ಯಾಕೆ ಹೀಗೆ' ಅಂತ ಮಾತ್ರ ಬರೆಯಬೇಡ. ಯಾಕೆ ಅಂತ ಕೇಳಿದರೆ ಸಾಕು, ಮನಸ್ಸು ವಕೀಲರ ಹಾಗೆ ಕೋಟು ಹಾಕಿಕೊಂಡು ಎದ್ದು ನಿಲ್ಲುತ್ತದೆ. ಏನಾಯಿತು ಅಷ್ಟೇ ಬರೆ. ಏನಂದೆ, ಕೈ ಎಲ್ಲಿತ್ತು, ಯಾರ ಮುಖ ನೋಡಲಿಲ್ಲ. ತಿಂಗಳು ಬಿಟ್ಟು ತೆಗೆದು ಓದು. ನೀನು ಯಾವ ಹೊತ್ತಲ್ಲಿ ಮಾತು ತಿರುಗಿಸುತ್ತೀ, ಯಾರೆದುರು ದನಿ ಇಳಿಸುತ್ತೀ ಅನ್ನುವುದು ತಾನಾಗಿ ಎದ್ದು ಕಾಣುತ್ತದೆ. ನನಗೆ ಕಂಡದ್ದು ಇದು: ತಪ್ಪು ನನ್ನದೇ ಇದ್ದ ದಿನ ನಾನು ದೊಡ್ಡ ದೊಡ್ಡ ಪದ ಹುಡುಕುತ್ತೇನೆ. ನಿನ್ನ 'ಮಾತೆ'ಯನ್ನು ಕಂಡ ಕೂಡಲೇ ಗುರುತು ಸಿಕ್ಕಿದ್ದು ಅದಕ್ಕೇ.

ಇನ್ನೊಂದು, ಈಗಿನ ಹುಡುಗರಲ್ಲಿ ಜಾಸ್ತಿ ನೋಡುತ್ತೇನೆ. ತಮ್ಮನ್ನು ತಾವೇ ಬೈದುಕೊಂಡು ಬರೆಯುವುದು. ನಾನು ಕೆಟ್ಟವಳು, ಸ್ವಾರ್ಥಿ ಅಂತ ಎದೆ ಬಡಿದುಕೊಂಡರೆ ಅದೂ ಒಂದು ಅಲಂಕಾರವೇ, ಅಲ್ವಾ? ಓದುವವರು ಅಯ್ಯೋ ಪಾಪ ಅನ್ನಲಿ ಅಂತ. ಬೈಗುಳ ಬೇಡ. ಆವತ್ತು ಏನು ಮಾಡಿದೆಯೋ ಅಷ್ಟು ಸಾಕು.

ಆ ದಿನ ನೀನು ಹಾಸ್ಟೆಲ್ ಬಾಗಿಲಲ್ಲಿ ಏನು ಮಾಡಿದೆ ಅಂತ ನನಗೆ ಗೊತ್ತಿಲ್ಲ. ಗೆಳತಿಯರು ಯಾರಿವರು ಅಂತ ಕೇಳಿದಾಗ ಊರವರು ಅಂದೆಯೋ, ಗಂಟು ಇಸ್ಕೊಂಡು ಬೇಗ ಹೋಗು ಅಂತ ಅವ್ವನನ್ನು ಕಳಿಸಿದೆಯೋ. ಅಥವಾ ನಿಜವಾಗಿಯೂ ತಬ್ಬಿಕೊಂಡಿದ್ದೆಯೋ. ಹಾಗಿದ್ದರೆ ಈ ಮುದುಕಿಯನ್ನು ಕ್ಷಮಿಸು, ಆದರೆ 'ಮಾತೆ'ಯನ್ನು ತೆಗೆ. ನನಗೆ ಹೇಳಬೇಕಂತಿಲ್ಲ. ಅಚ್ಚು ಮಾಡಿಸಬೇಕಂತಲೂ ಇಲ್ಲ. ಅದರಲ್ಲಿ ಅವ್ವನ ಪಾಲೂ ಇದೆ, ಅವಳನ್ನು ಕೇಳದೆ ಊರ ಮುಂದೆ ಇಡಬೇಡ. ಮೊದಲು ನಿನ್ನ ನೋಟ್‌ಬುಕ್ಕಿನಲ್ಲಿ ಬರೆದಿಡು. ಆ ಗಂಟು ಯಾವ ಬಟ್ಟೆಯದು ಅಂತಲೂ ಬರೆ. ಕತೆಯಲ್ಲಿ ಅದನ್ನೇ ಬಿಟ್ಟಿದ್ದೀಯ.

ಹಾಳೆಗಳನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಭಾನುವಾರ ಸಂಜೆ ನಮ್ಮೂರ 'ಅಪ್ಪನ ಕೆರೆ'ಗೆ ಸುತ್ತು ಹಾಕಿ ಆರೂವರೆಗೆ ಮನೆಗೆ ಬಂದಿರುತ್ತೇನೆ. ಬರುವುದಿದ್ದರೆ ಆಮೇಲೆ ಬಾ. ಅವ್ವ ಶೇಂಗಾ ಹಿಂಡಿ ಮಾಡಿದ್ದರೆ ಸ್ವಲ್ಪ ಕಟ್ಟಿಸಿಕೊಂಡು ಬಾ, ನನ್ನ ಡಬ್ಬಿ ಖಾಲಿಯಾಗಿದೆ.

ನಿನ್ನ
ಅಕ್ಕೋರು