ಶೂರಿಟಿ ಹಾಕಿದ ಮಗಳಿಗೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ‘ದಡ್ಡಿ’ ಅಂದುಬಿಟ್ಟೆ. ತಪ್ಪಾಯಿತು. ನೀನು ಪಟ್ಟನೆ ಫೋನ್ ಇಟ್ಟದ್ದಕ್ಕೆ ನನಗೇನೂ ಬೇಜಾರಿಲ್ಲ. ಹಾಗಂತ ಗೆಳತಿಯ ಆರು ಲಕ್ಷದ ಸಾಲಕ್ಕೆ ಶೂರಿಟಿ ಹಾಕಿದ್ದನ್ನು ಒಪ್ಪಿದೆ ಎಂದುಕೊಳ್ಳಬೇಡ.

ಬೈಬಲಿನ ಜ್ಞಾನೋಕ್ತಿಗಳು ಪುಸ್ತಕದ ಹೀಬ್ರೂ ಮೂಲದ ಪ್ರಕಾರ ನೋಡಿದರೂ ನಾನಂದದ್ದು ತಪ್ಪೇ. ಅಲ್ಲಿ ದಡ್ಡರಿಗೆ ಒಂದೇ ಹೆಸರಿಲ್ಲ. ‘ಪೆತಿ’ ಎಂದರೆ ಹೇಳಿದ್ದನ್ನೆಲ್ಲ ನಂಬುವ ಎಳಸು (14:15, ಅಂದರೆ 14ನೇ ಅಧ್ಯಾಯದ 15ನೇ ವಚನ). ‘ಕೆಸೀಲ್’ ಮಾಡಿದ ತಪ್ಪನ್ನೇ ಮತ್ತೆ ಮಾಡುವವನು, ನಾಯಿ ತಾನು ಕಕ್ಕಿದ್ದಕ್ಕೇ ಬಾಯಿ ಹಾಕುವಂತೆ (26:11). ‘ಎವೀಲ್’ನನ್ನು ಒರಳಿಗೆ ಹಾಕಿ ಕಾಳಿನ ಜೊತೆ ಒನಕೆಯಲ್ಲಿ ಕುಟ್ಟಿದರೂ ಅವನ ಮೂರ್ಖತನ ಬಿಡುವುದಿಲ್ಲ (27:22). ‘ಲೇಟ್ಸ್’ ಬುದ್ಧಿ ಹೇಳಿದವರನ್ನೇ ಗೇಲಿ ಮಾಡುವವನು. ಅವನ ತಂಟೆಗೇ ಹೋಗಬೇಡ ಎನ್ನುತ್ತದೆ 9:8. ಕನ್ನಡದಲ್ಲಿ ಓದುವಾಗ ಇವರೆಲ್ಲ ಮೂಢ, ಮೂರ್ಖ ಎಂದು ಕಲಸಿಹೋಗುತ್ತಾರೆ. ಆದರೆ ಪುಸ್ತಕ ಶುರುವಾಗುವುದೇ ಪೆತಿಗೆ ವಿವೇಕ ಕೊಡಲೆಂದು, 1:4 ನೋಡು. ನೀನು ಹೆಚ್ಚೆಂದರೆ ಪೆತಿ ಕಣೆ. ಅದೂ ಮನಸ್ಸು ಒಳ್ಳೆಯದಿದ್ದುದರಿಂದ ಆದ ಪೆತಿ. ಆ ಮನಸ್ಸಿನ ಬಗ್ಗೆ ನನಗೆ ಹೆಮ್ಮೆಯೇ ಇದೆ, ನಿನ್ನೆ ಅದನ್ನು ಹೇಳಲು ಬಾಯಿ ಬರಲಿಲ್ಲ.

9ನೇ ಅಧ್ಯಾಯದಲ್ಲಿ ಜ್ಞಾನ ಒಬ್ಬ ಹೆಂಗಸು, ಮೂಢತನ ಇನ್ನೊಬ್ಬಳು. ಇಬ್ಬರೂ ಊರಿನ ಎತ್ತರದ ಜಾಗದಿಂದ ಕೂಗುತ್ತಾರೆ, ಕೂಗುವ ಮಾತೂ ಹೆಚ್ಚುಕಡಿಮೆ ಒಂದೇ (4 ಮತ್ತು 16ನೇ ವಚನ). ಮೊದಲಿನವಳು ಪ್ರಾಣಿ ಕೊಯ್ದು, ದ್ರಾಕ್ಷಾರಸ ಬೆರೆಸಿ, ಊಟಕ್ಕೆ ಅಣಿ ಮಾಡಿಟ್ಟು ಕರೆಯುತ್ತಾಳೆ. ಎರಡನೆಯವಳ ಹತ್ತಿರ ಇರುವುದು ಕದ್ದ ನೀರು. ಬಾಗಿಲಲ್ಲಿ ನಿಂತು ಕೇಳಿದರೆ ವ್ಯತ್ಯಾಸ ತಿಳಿಯದು, ಅಡುಗೆಮನೆಗೇ ಇಣುಕಬೇಕು. ಗೆಳತಿಯ ಸಂಬಳ ಎಷ್ಟು, ಬೇರೆ ಸಾಲ ಏನೇನಿದೆ, ಹಿಂದೆ ಕಂತು ತಪ್ಪಿದೆಯೇ ಎಂದು ನೀನು ಕೇಳಲಿಲ್ಲ. ಕೇಳಲು ಸಂಕೋಚವಾಯಿತು ಅಂದೆ. ಸಾಲ ಕೇಳುವವರಿಗಿಲ್ಲದ ಸಂಕೋಚ ಸಹಿ ಹಾಕುವವರಿಗೆ ಯಾಕೋ!

ಈಗ 6ನೇ ಅಧ್ಯಾಯದ ಮೊದಲ ಐದು ವಚನ. ಹೊಣೆಯಾಗಿ ಅಂಗೈಗೆ ಅಂಗೈ ತಟ್ಟಿದ್ದರೆ, ಆ ಕಾಲಕ್ಕೆ ಅದೇ ಸಹಿ, ನಿನ್ನ ಬಾಯಿಮಾತೇ ನಿನಗೆ ಬಲೆ. ಅಲ್ಲಿಂದ ಮುಂದೆ ಬೈಗುಳ ಒಂದೂ ಇಲ್ಲ. ಹೋಗು, ತಗ್ಗು, ಬಿಡದೆ ಕಾಡು, ಕಣ್ಣಿಗೆ ನಿದ್ದೆ ಕೊಡಬೇಡ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವ ಹಾಗೆ ತಪ್ಪಿಸಿಕೋ, ಇಷ್ಟೇ. ಮಾತು ಮುರಿ ಎಂದು ಹೇಳುವುದಿಲ್ಲ, ಯಾಕೆಂದರೆ ಇಬ್ಬರು ಕಟ್ಟಿದ ಗಂಟನ್ನು ಒಬ್ಬರೇ ಬಿಚ್ಚಲಾಗದು. ಅದಕ್ಕೇ ತಗ್ಗಬೇಕು. ಮೂಲದ ಆ ಪದದಲ್ಲಿ ತುಳಿಸಿಕೊಳ್ಳುವ ಅರ್ಥವೂ ಇದೆ. ನಿನಗೆ ಕಷ್ಟವಾಗುವುದು ಇಲ್ಲೇ. ನಿನ್ನ ಬಿಗುಮಾನ ಗೊತ್ತು, ಅದು ಯಾರಿಂದ ಬಂತೆಂದೂ ಗೊತ್ತು. ಸಾಲದ ಮೊತ್ತಕ್ಕಿಂತ ನನಗೆ ಹೆದರಿಕೆ ಇದರದ್ದೇ. ಕೇಳಿದರೆ ಏನಂದುಕೊಳ್ಳುತ್ತಾಳೋ ಎಂದು ಎರಡು ವಾರ ಸುಮ್ಮನಿದ್ದುಬಿಡುತ್ತೀಯ. ಆ ಎರಡು ವಾರದಲ್ಲಿ ಹಣ ಬಿಡುಗಡೆಯಾಗಿಬಿಡುತ್ತದೆ.

ಹಾಗಾಗಿ ಮೊದಲು ಬ್ಯಾಂಕಿಗೆ ಹೋಗಿ ಸಾಲ ಬಿಡುಗಡೆಯಾಗಿದೆಯೇ ಕೇಳು. ಆಗಿಲ್ಲದಿದ್ದರೆ ಜಾಮೀನಿನಿಂದ ಹಿಂದೆ ಸರಿಯುತ್ತಿದ್ದೇನೆ ಎಂದು ಇವತ್ತೇ ಬರೆದುಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೋ. ಆಗಿದ್ದರೆ ನೀನೊಬ್ಬಳೇ ಕೈತೊಳೆದುಕೊಳ್ಳಲಾಗದು; ಗೆಳತಿ ಬೇರೆ ಜಾಮೀನುದಾರರನ್ನು ತರಬೇಕು, ಬ್ಯಾಂಕೂ ಒಪ್ಪಬೇಕು. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಸಾಲಗಾರನಿಗೆಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಮೊದಲು ಅವಳನ್ನು ಕೇಳಿ ಆಮೇಲೆ ನಿನ್ನ ಬಾಗಿಲಿಗೆ ಬರಬೇಕೆಂಬ ನಿಯಮವಿಲ್ಲ. ಮಲಗುವ ಹಾಸಿಗೆಯನ್ನೇ ಎಳೆದೊಯ್ದಾರು ಎಂದು 22:27 ಎಚ್ಚರಿಸುವುದೂ ಇದನ್ನೇ. ನೀನೇನಾದರೂ ಕಟ್ಟಬೇಕಾಗಿ ಬಂದರೆ ಪ್ರತಿ ರಸೀದಿ ಇಟ್ಟುಕೋ; ಕಟ್ಟಿದ್ದನ್ನು ಅವಳಿಂದ ವಸೂಲಿ ಮಾಡುವ ಹಕ್ಕು 145ನೇ ಕಲಮಿನಲ್ಲಿದೆ. ಹಕ್ಕಿದೆ ಅಂದೆ, ಹಣ ಬರುತ್ತದೆ ಅನ್ನಲಿಲ್ಲ.

ಸಹಾಯ ಮಾಡಬೇಡ ಅಂತಲ್ಲ. ಕೊಡುವ ಶಕ್ತಿ ಇರುವಾಗ ನಾಳೆ ಬಾ ಎನ್ನಬೇಡ ಎನ್ನುವುದೂ ಅದೇ ಪುಸ್ತಕ (3:28). ಯೆಹೂದ ತನ್ನ ತಮ್ಮ ಬೆನ್ಯಾಮೀನನಿಗೆ ಹೊಣೆಯಾದ, ಹೊತ್ತು ಬಂದಾಗ ತಮ್ಮನ ಬದಲು ತಾನೇ ಗುಲಾಮನಾಗುತ್ತೇನೆಂದು ಮುಂದೆ ಬಂದು ನಿಂತ (ಬೈಬಲಿನದೇ ಆದಿಕಾಂಡ, 44ನೇ ಅಧ್ಯಾಯ). ಅವನಿಗೆ ಏನನ್ನು ಒತ್ತೆಯಿಡುತ್ತಿದ್ದೇನೆಂದು ತಿಳಿದಿತ್ತು. ನಿನಗೆ ಬಡ್ಡಿ ದರವೂ ತಿಳಿದಿರಲಿಲ್ಲ. ಇಪ್ಪತ್ತು ಸಾವಿರ ಕೈಯೆತ್ತಿ ಕೊಟ್ಟುಬಿಟ್ಟಿದ್ದರೆ ಹೋದರೆ ಹೋಯಿತು ಅನ್ನಬಹುದಿತ್ತು. ನೋಡು, ಮತ್ತೆ ಉಪದೇಶ ಶುರುಮಾಡಿದೆ.

ಅವಳ ಹತ್ತಿರ ಮಾತಾಡುವಾಗ ವಾಟ್ಸಾಪ್ ಬೇಡ, ಎದುರಿಗೇ ಕೂತು ಹೇಳು. ‘ನನಗೆ ಹೆದರಿಕೆಯಾಗುತ್ತಿದೆ, ದಯವಿಟ್ಟು ನನ್ನನ್ನು ಬಿಡಿಸು’ ಅಂದರೆ ಸಾಕು. ಅಮ್ಮ ಬೈದಳು ಅಂತ ಬೇಕಾದರೆ ನನ್ನ ಮೇಲೆ ಹಾಕು.

ಸಹಿ ಹಾಕಿದ ಕಾಗದದ ಪ್ರತಿ ಸಿಕ್ಕ ಕೂಡಲೇ ಎಲ್ಲಾ ಪುಟದ ಫೋಟೊ ತೆಗೆದು ಕಳಿಸು, ಹಿಂಬದಿಯ ಸಣ್ಣಕ್ಷರದ್ದೂ ಸೇರಿಸಿ. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ, ಎದ್ದಿರುತ್ತೇನೆ.

ಅಮ್ಮ